ಹೋಂಡಾ ಸಿಟಿ (2016, ಪೆಟ್ರೋಲ್): ಕಾರಿನ ಎತ್ತರ 40 ಮಿ.ಮೀ. ಇಳಿಸಬೇಕು, ಬರೀ ಸ್ಪ್ರಿಂಗ್ ಬದಲಾಯಿಸಿದರೆ ಸಾಕಾ?

ಹಾಸನ_ಸಿಟಿ

ಎಲ್ಲರಿಗೂ ನಮಸ್ಕಾರ. ಕಾರು 2016ರ ಸಿಟಿ 1.5 ಐ-ವಿಟೆಕ್, ಮ್ಯಾನ್ಯುಯಲ್. 82,000 ಕಿ.ಮೀ. ಓಡಿದೆ. ಟೈರ್ 185/55 ಆರ್16. ಶಾಕ್‌ಗಳು (ಸ್ಪ್ರಿಂಗ್ ಕುಣಿತ ತಡೆಯುವ ಎಣ್ಣೆ ಕೊಳವೆಗಳು) ಕಂಪನಿಯವೇ, ಸೋರಿಕೆ ಇಲ್ಲ. ಚಕ್ರಕ್ಕೂ ಫೆಂಡರ್‌ಗೂ ನಡುವಿನ ಖಾಲಿ ಜಾಗ ಕಣ್ಣಿಗೆ ಚುಚ್ಚುತ್ತದೆ. ಹೈವೇಯಲ್ಲಿ ಲೇನ್ ಬದಲಿಸುವಾಗ ಬಾಡಿ ವಾಲುವುದೂ ಜಾಸ್ತಿ.

ಅಂಗಡಿಯವರು 40 ಮಿ.ಮೀ. ಇಳಿಸುವ ಸ್ಪ್ರಿಂಗ್ ಸೆಟ್ ಹಾಕಿಸಿಕೊಳ್ಳಿ, ಶಾಕ್ ಇರೋದೇ ಸಾಕು, ಅರ್ಧ ದಿನದ ಕೆಲಸ ಅನ್ನುತ್ತಾರೆ. ಪ್ರಶ್ನೆಗಳು ಇಷ್ಟು: 40 ಸರಿಯಾ, ಕಡಿಮೆ ಮಾಡಬೇಕಾ? ಶಾಕ್ ಬದಲಿಸಲೇಬೇಕಾ? ಜೊತೆಗೆ ಇನ್ನೇನು ತರಿಸಬೇಕು? ವಾರಾಂತ್ಯಕ್ಕೆ ಐದು ಜನ ಕೂತು ಹೋಗುವುದೂ ಇದೆ.

---

ಸ್ಟ್ರಟ್_ಮೌಂಟ್

40 ಬೇಡ. 25ಕ್ಕೆ ನಿಲ್ಲಿಸಿ, ತೀರಾ ಆಸೆ ಇದ್ದರೆ 30. ಅಂಗಡಿಯವರು ನೋಡುವುದು ನಿಂತ ಕಾರನ್ನು. ನೀವು ಲೆಕ್ಕ ಹಾಕಬೇಕಾದದ್ದು ಓಡುವ ಕಾರಿನದು, ಅಂದರೆ ಚಕ್ರಕ್ಕೆ ಮೇಲೆ ಹೋಗಲು ಎಷ್ಟು ಜಾಗ ಉಳಿಯಿತು ಅನ್ನುವುದು.

ಸಿಟಿ ಗಾತ್ರದ ಕಾರಿಗೆ ಹೊಂದುವ ದುಂಡು ಅಂಕಿಗಳಲ್ಲಿ ಹೇಳುತ್ತೇನೆ. ನಿಮ್ಮ ಕಾರಿನದು ಸ್ವಲ್ಪ ಆಚೀಚೆ ಇರುತ್ತದೆ, ಲೆಕ್ಕದ ದಾರಿ ಇದೇ. ಮುಂದಿನ ಒಂದು ಚಕ್ರದ ಮೇಲೆ ಕೂತ ಭಾರ 300 ಕೆ.ಜಿ., ಸ್ಪ್ರಿಂಗ್ ಗಡಸು ಮಿ.ಮೀ.ಗೆ 22 ನ್ಯೂಟನ್, ನಿಂತ ಎತ್ತರದಿಂದ ಬಂಪ್ ಸ್ಟಾಪರ್ (ಚಕ್ರ ಮೇಲೆ ಬಂದಾಗ ಕೊನೆಯಲ್ಲಿ ತಡೆಯುವ ರಬ್ಬರ್) ತಾಗುವವರೆಗೆ 60 ಮಿ.ಮೀ. ಜಾಗ ಅಂತ ಇಟ್ಟುಕೊಳ್ಳಿ. ಸ್ಟಾಪರ್ ತಾಗುವ ಮುಂಚೆ ಸ್ಪ್ರಿಂಗ್ ಹೆಚ್ಚುವರಿಯಾಗಿ ಹೊರುವ ಬಲ 22 × 60 = 1320 ನ್ಯೂಟನ್. ಈಗ 30% ಗಟ್ಟಿ ಸ್ಪ್ರಿಂಗ್ (28.6) ಹಾಕಿ 30 ಮಿ.ಮೀ. ಇಳಿಸಿದಿರಿ. ಉಳಿದ ಜಾಗ 30, ಹೊರುವ ಬಲ 858. 40 ಇಳಿಸಿದರೆ ಜಾಗ 20, ಬಲ 572. ಸ್ಪ್ರಿಂಗ್ ಗಟ್ಟಿಯಾದರೂ ತಡೆಯುವ ಶಕ್ತಿ ಅರ್ಧಕ್ಕಿಂತ ಕೆಳಗೆ ಬಂತು. 30 ಮಿ.ಮೀ. ಜಾಗದಲ್ಲೇ ಹಳೆಯ 1320 ಬೇಕು ಅಂದರೆ 44ರ ಸ್ಪ್ರಿಂಗ್ ಬೇಕು, ಕಂಪನಿಯದಕ್ಕಿಂತ ಸರಿಯಾಗಿ ಎರಡು ಪಟ್ಟು. ಅದನ್ನು ಹಾಕಿಕೊಂಡು ನಮ್ಮ ರಸ್ತೆಯಲ್ಲಿ ಯಾರೂ ಕೂರಲ್ಲ.

ಹಾಗಾಗಿ "ಇಳಿಸಿದ ಮೇಲೆ ಗಾಡಿ ತುಂಬಾ ಗಟ್ಟಿ" ಅಂತ ದೂರುವವರಲ್ಲಿ ಬಹಳ ಜನ ಕೂತಿರುವುದು ಸ್ಪ್ರಿಂಗ್ ಮೇಲಲ್ಲ, ಸ್ಟಾಪರ್ ಮೇಲೆ. ಪ್ರತಿ ಹಳ್ಳದಲ್ಲೂ "ದಡ್" ಅನ್ನುವುದು ಅದೇ.

ಇನ್ನೊಂದು ಬದಿ, ಚಕ್ರ ಕೆಳಗೆ ಜೋತು ಬೀಳುವುದು. 300 ಕೆ.ಜಿ.ಗೆ ಕಂಪನಿ ಸ್ಪ್ರಿಂಗ್ 134 ಮಿ.ಮೀ. ಕುಗ್ಗಿ ನಿಂತಿರುತ್ತದೆ, ಗಟ್ಟಿಯದು 103. ಅಂದರೆ ಹೊಸ ಸ್ಪ್ರಿಂಗ್ ಅದೇ ಉದ್ದದ್ದಾದರೆ ಕಾರು 31 ಮಿ.ಮೀ. ಮೇಲೇಳುತ್ತದೆ. 30 ಇಳಿಸಲು ಅದರ ಬಿಡಿ ಉದ್ದ 61 ಮಿ.ಮೀ. ಕಡಿಮೆ ಇರಬೇಕು. ಕಂಪನಿ ಶಾಕ್ ನಿಂತ ಜಾಗದಿಂದ ಕೆಳಗೆ 80 ಮಿ.ಮೀ. ಚಾಚುತ್ತದೆ ಅಂದುಕೊಂಡರೆ, ಇಳಿಸಿದ ಮೇಲೆ ಅದೇ ಶಾಕ್ 110 ಚಾಚುತ್ತದೆ. ಸ್ಪ್ರಿಂಗ್ ಮಾತ್ರ 103ಕ್ಕೇ ಪೂರ್ತಿ ಬಿಚ್ಚಿಕೊಂಡಿರುತ್ತದೆ. ಉಳಿದ 7 ಮಿ.ಮೀ. ಅದು ಸೀಟಿನಲ್ಲಿ (ಸ್ಪ್ರಿಂಗ್ ಕೂರುವ ತಟ್ಟೆಯಲ್ಲಿ) ಸಡಿಲ. 40 ಇಳಿಸಿದರೆ ಸಡಿಲ 17 ಮಿ.ಮೀ. ಚಕ್ರ ಗಾಳಿಗೆ ಎದ್ದು ಬಿದ್ದಾಗ "ಟಂಗ್" ಅಂತ ಸದ್ದು ಬರುವುದು ಇದರಿಂದಲೇ. ಸೀಟು ಬಿಟ್ಟು ಸರಿದರೆ ಟೈರಿಗೇ ತಾಗಬಹುದು. ಒಳ್ಳೆಯ ತಯಾರಕರು ಸ್ಪ್ರಿಂಗ್‌ನ ಒಂದು ತುದಿಯಲ್ಲಿ ಒತ್ತಾಗಿ ಸುತ್ತಿದ ಮೆದು ಸುತ್ತುಗಳನ್ನು ಕೊಡುವುದು ಈ ಸಡಿಲವನ್ನು ನುಂಗಲು. ಕಾರು ನಿಂತಾಗ ಆ ಸುತ್ತುಗಳು ಬಹುತೇಕ ಮುಚ್ಚಿಕೊಂಡಿರುತ್ತವೆ. ಡಬ್ಬದ ಮೇಲೆ "ಪ್ರೊಗ್ರೆಸ್ಸಿವ್" (ಒತ್ತಿದಷ್ಟೂ ಗಟ್ಟಿಯಾಗುವುದು) ಅಂತ ದೊಡ್ಡಕ್ಷರದಲ್ಲಿ ಇದ್ದರೂ ಓಡುವಾಗ ಎಷ್ಟೋ ಸೆಟ್‌ಗಳು ಸಾಧಾರಣ ಸ್ಪ್ರಿಂಗ್‌ನಂತೆಯೇ ಕೆಲಸ ಮಾಡುತ್ತವೆ. ತಪ್ಪೇನಿಲ್ಲ, ಆ ಪದಕ್ಕೆ ಹೆಚ್ಚು ದುಡ್ಡು ಕೊಡಬೇಡಿ ಅಷ್ಟೆ.

ಶಾಕ್ ವಿಷಯ. ಸ್ಪ್ರಿಂಗ್ 30% ಗಟ್ಟಿಯಾದರೆ ಅದೇ ಹಿಡಿತಕ್ಕೆ ಡ್ಯಾಂಪಿಂಗ್ (ಶಾಕ್ ಕುಣಿತ ತಡೆಯುವ ಬಲ) ಸುಮಾರು 14% ಹೆಚ್ಚಬೇಕು (1.3ರ ವರ್ಗಮೂಲ 1.14). ಬಾಡಿ ಕುಣಿಯುವ ಲಯವೂ 1.36 ಹರ್ಟ್ಸ್‌ನಿಂದ 1.55ಕ್ಕೆ ಏರುತ್ತದೆ. 82,000 ಓಡಿದ ಶಾಕ್ ಹೊಸದಾಗಿದ್ದಾಗಿನ ಹಿಡಿತವನ್ನೇ ಕಳೆದುಕೊಂಡಿರುತ್ತದೆ, ಅದರ ಮೇಲೆ ಇನ್ನೂ 14% ಕೇಳುತ್ತಿದ್ದೀರಿ. ಸೋರಿಕೆ ಇಲ್ಲ ಅನ್ನುವುದು ಶಾಕ್ ಚೆನ್ನಾಗಿದೆ ಅನ್ನುವುದಕ್ಕೆ ಪುರಾವೆ ಅಲ್ಲ. ನಾಲ್ಕೂ ಬದಲಿಸಿ. ಇಳಿಸಿದ ಕಾರಿಗೇ ಅಂತ ಗಿಡ್ಡ ಬಾಡಿಯ ಶಾಕ್ ಸಿಕ್ಕರೆ ಉತ್ತಮ. ಬಿಲ್‌ಸ್ಟೈನ್‌ನಲ್ಲಿ ಬಿ4 ಕಂಪನಿ ಶಾಕ್‌ಗೆ ಬದಲಿ, ಬಿ6 ಕಂಪನಿ ಉದ್ದದಲ್ಲೇ ಗಟ್ಟಿ, ಬಿ8 ಇಳಿಸಿದ ಕಾರಿಗೆ ಗಿಡ್ಡ ಮಾಡಿದ್ದು. ಬೇರೆ ಬ್ರ್ಯಾಂಡ್ ಕೊಂಡರೂ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಇದೇ: ಉದ್ದ ಕಂಪನಿಯದಾ, ಗಿಡ್ಡದಾ?

ತರಿಸಬೇಕಾದದ್ದು: ಸ್ಪ್ರಿಂಗ್ 4, ಶಾಕ್ 4, ಮುಂದಿನ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಒಟ್ಟಿಗಿರುವ ಜೋಡಣೆ) ತಲೆಯ ಮೌಂಟ್ 2 ಮತ್ತು ಅದರ ಬೇರಿಂಗ್ 2, ಬಂಪ್ ಸ್ಟಾಪರ್ ಮತ್ತು ಡಸ್ಟ್ ಕವರ್ ನಾಲ್ಕೂ ಕಡೆಗೆ, ಹಿಂದಿನ ಸ್ಪ್ರಿಂಗ್‌ನ ಮೇಲಿನ ಕೆಳಗಿನ ರಬ್ಬರ್ ಸೀಟುಗಳು, ಲಿಂಕ್ ರಾಡ್ (ವಾಲುವುದನ್ನು ತಡೆಯುವ ಕಂಬಿಯನ್ನು ಸ್ಟ್ರಟ್‌ಗೆ ಜೋಡಿಸುವ ಕಡ್ಡಿ) 2, ಲಾಕ್ ನಟ್‌ಗಳು ಹೊಸವು. ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿಯುವ ತೋಳು) ಬುಷ್ (ಅದರ ಬುಡದ ರಬ್ಬರ್) ಬಿರುಕು ಬಿಟ್ಟಿದ್ದರೆ ಇದೇ ಸಲ ಮುಗಿಸಿ, ಕೂಲಿ ಎರಡು ಸಲ ಕೊಡಬೇಡಿ. ಸ್ಪ್ರಿಂಗ್ ಪಾರ್ಟ್ ನಂಬರ್ ಪೆಟ್ರೋಲ್‌ದೇ ಅಂತ ಖಚಿತ ಮಾಡಿಕೊಳ್ಳಿ. ಡೀಸೆಲ್ ಸಿಟಿಯ ಮೂತಿ ಭಾರ ಜಾಸ್ತಿ. ಅದರ ಮುಂದಿನ ಸ್ಪ್ರಿಂಗ್ ಪೆಟ್ರೋಲ್‌ಗೆ ಹಾಕಿದರೆ ಮೂತಿ ಎತ್ತಿಕೊಂಡು ನಿಲ್ಲುತ್ತದೆ.

---

ಹಾಸನ_ಸಿಟಿ

ಲೆಕ್ಕ ನೋಡಿ 40ರ ಆಸೆ ಬಿಟ್ಟೆ ಸರ್. ಎರಡು ಅನುಮಾನ. ಕಂಪನಿ ಸ್ಪ್ರಿಂಗನ್ನೇ ಒಂದು ಸುತ್ತು ಕತ್ತರಿಸಿದರೆ ಗಟ್ಟಿಯೂ ಆಗುತ್ತದೆ, ಇಳಿಯುತ್ತದೆ ಕೂಡ, ಆಮೇಲೆ ಹೊಸ ಶಾಕ್‌ಗೆ ಮಾತ್ರ ದುಡ್ಡು ಹಾಕಿದರೆ ಸಾಕು ಅಂತ ಒಬ್ಬರು ಹೇಳಿದರು. ಇನ್ನೊಂದು, ಸ್ಟಾಪರ್ ತಾಗುತ್ತದೆ ಅಂದರೆ ಅದನ್ನೇ ತೆಗೆದುಬಿಟ್ಟರೆ?

---

ಸ್ಟ್ರಟ್_ಮೌಂಟ್

ಗಟ್ಟಿಯಾಗುವುದು ನಿಜ. ಕೆಲಸ ಮಾಡುವ ಸುತ್ತು ಐದಿದ್ದು ಒಂದನ್ನು ಕತ್ತರಿಸಿದರೆ 5/4, ಅಂದರೆ 25% ಗಟ್ಟಿ. ಆದರೆ ಸ್ಪ್ರಿಂಗ್‌ನ ತುದಿ ಸೀಟಿನ ಆಕಾರಕ್ಕೆ ತಕ್ಕಂತೆ ಬಗ್ಗಿರುತ್ತದೆ. ಕತ್ತರಿಸಿದ ತುದಿಗೆ ಆ ಆಕಾರ ಇಲ್ಲ, ಒಂದು ಮೂಲೆಯಲ್ಲಿ ಮಾತ್ರ ಕೂರುತ್ತದೆ, ಸ್ಪ್ರಿಂಗ್ ಸೊಟ್ಟಗೆ ಬಾಗಿ ಶಾಕ್‌ನ ರಾಡನ್ನು ಪಕ್ಕಕ್ಕೆ ತಳ್ಳುತ್ತದೆ. ಹೊಸ ಶಾಕ್‌ನ ಸೀಲ್ ಅಲ್ಲಿಗೆ ಮುಗಿಯಿತು. ಮೆದು ಸುತ್ತುಗಳೂ ಇಲ್ಲದ್ದರಿಂದ ಮೇಲೆ ಹೇಳಿದ ಸಡಿಲ ಪೂರ್ತಿ ನಿಮ್ಮ ಪಾಲಿಗೆ. ಗ್ಯಾಸ್ ಕಟ್ಟರ್‌ನಲ್ಲಿ ಕತ್ತರಿಸಿದರೆ ಅಥವಾ ಕಾಯಿಸಿ ಕೂರಿಸಿದರೆ ಉಕ್ಕಿನ ಹದವೇ ಹೋಗುತ್ತದೆ. ಆ ಜಾಗದಲ್ಲಿ ದಿನೇ ದಿನೇ ಕುಸಿಯುತ್ತದೆ, ಇಲ್ಲವೇ ಮುರಿಯುತ್ತದೆ.

ಸ್ಟಾಪರ್ ತೆಗೆಯಲೇಬೇಡಿ. ಅದು ಬರೀ ರಬ್ಬರ್ ತುಂಡಲ್ಲ, ಕೊನೆಯ ಕೆಲವು ಸೆಂಟಿಮೀಟರ್‌ನ ಸ್ಪ್ರಿಂಗ್. ಇಲ್ಲದಿದ್ದರೆ ಶಾಕ್‌ನ ಪಿಸ್ಟನ್ ನೇರ ತಳದ ವಾಲ್ವ್‌ಗೆ ಬಡಿಯುತ್ತದೆ, ಅಥವಾ ಟೈರ್ ಫೆಂಡರ್ ಒಳಗಿನ ಲೈನರ್‌ಗೆ. ಸ್ಪ್ರಿಂಗ್ ತಯಾರಕರ ಹಾಳೆಯಲ್ಲಿ "ಇಷ್ಟು ಮಿ.ಮೀ. ಕತ್ತರಿಸಿ" ಅಂತ ಇದ್ದರೆ ಅಷ್ಟೇ ಕತ್ತರಿಸಿ, ಚೂಪಾದ ಮೆದು ತುದಿ ಉಳಿಯುವ ಹಾಗೆ. ಹಾಳೆಯಲ್ಲಿ ಇಲ್ಲದಿದ್ದರೆ ಮುಟ್ಟಬೇಡಿ.

---

ಪಾನಾ_ಹುಬ್ಬಳ್ಳಿ

ಲೆಕ್ಕ ಎಲ್ಲಾ ಅವ್ರು ಹೇಳ್ಯಾರ. ಫಿಟ್ಟಿಂಗ್ ನಾ ಹೇಳ್ತೀನ್ರಿ, ಯಾಕಂದ್ರ ಛಲೋ ಸಾಮಾನು ತಂದು ಫಿಟ್ಟಿಂಗ್‌ನ್ಯಾಗ ಕೆಡಸೋದ ಭಾಳ.

ಮೊದಲ ಅಳತಿ ಬರ್ಕೋರಿ. ಸಪಾಟ ನೆಲ, ನಾಲ್ಕೂ ಟೈರಿಗೆ ಸರಿಯಾದ ಗಾಳಿ, ಗಾಡಿ ಖಾಲಿ. ಚಕ್ರದ ನಟ್ಟನಡುವಿನಿಂದ ಫೆಂಡರ್ ಅಂಚಿನ ತನಕ ಟೇಪ್ ಹಿಡಿರಿ, ನಾಲ್ಕೂ ಮೂಲಿ. ನೆಲದಿಂದ ಅಳಿಬ್ಯಾಡ್ರಿ, ಟೈರ್ ಸವೆತ ಲೆಕ್ಕ ಕೆಡಸ್ತದ. ಎಷ್ಟ ಇಳೀತು, ಒಂದ ಬಾಜು ವಾಲೇತೇನು ಅನ್ನೋದು ಆಮ್ಯಾಲ ಈ ನಾಲ್ಕ ಅಂಕಿಯಿಂದಷ್ಟ ಗೊತ್ತಾಗ್ತದ.

ಸಿಟಿ ಮುಂದಿನ ಸ್ಟ್ರಟ್ ತಲಿ ವೈಪರ್ ಕೆಳಗಿನ ಪ್ಲಾಸ್ಟಿಕ್ ಕೌಲ್ ಅಡಿ ಮುಚ್ಚೇತಿ. ವೈಪರ್ ತೋಳು ತಗದು, ಕೌಲ್ ತಗದಷ್ಟ ಪಾನಾ ಹೋಗ್ತದ. ಕ್ಲಿಪ್ ಹಳೇವು ಮುರೀತಾವ, ನಾಲ್ಕೈದು ಹೊಸಾವು ಇಟ್ಕೋರಿ. ಗಾಡಿ ಸ್ಟ್ಯಾಂಡ್ ಮ್ಯಾಲ ಇರ್ಲಿ, ಬರೀ ಜಾಕಿ ಮ್ಯಾಲ ಬ್ಯಾಡ.

ಚಕ್ರ ತಗದ ಮ್ಯಾಲ ಬ್ರೇಕ್ ಹೋಸ್, ಎಬಿಎಸ್ ವೈರ್ ಎರಡೂ ಸ್ಟ್ರಟ್‌ದಿಂದ ಬಿಚ್ಚರಿ. ಲಿಂಕ್ ರಾಡ್ ನಟ್ ಬಿಚ್ಚೋವಾಗ ಬೋಲ್ಟ್ ಸಂಗಟ ತಿರಗ್ತದ, ನಡುವಿನ ತೂತಿಗೆ ಅಲನ್ ಕೀ ಹಾಕಿ ಹಿಡಿರಿ. ಜಂಗ್ ಹಿಡಿದಿದ್ರ ತೂತು ಸವದು ಹೋಗ್ತದ, ಆಗ ಗ್ರೈಂಡರ್‌ಲೆ ಕಡಿಯೋದ. ಅದಕ್ಕ ಹೊಸ ಲಿಂಕ್ ರಾಡ್ ಮೊದಲ ತರ್ರಿ ಅನ್ನೋದು. ನಕಲ್ (ಚಕ್ರ ಕೂಡೋ ಕಬ್ಬಿಣದ ತುಂಡು) ಹಿಡದಿರೋ ಎರಡ ದೊಡ್ಡ ಬೋಲ್ಟ್ ತಗಿಯೂ ಮುಂಚೆ ಪೇಂಟ್‌ಲೆ ಗುರ್ತು ಹಾಕ್ರಿ. ಬೋಲ್ಟ್ ತಗದ ಕೂಡಲೆ ನಕಲ್ ಹೊರಗ ಬೀಳ್ತದ. ತಂತಿ ಕಟ್ಟಿ ನಿಲ್ಲಸ್ರಿ. ಇಲ್ಲಾಂದ್ರ ಒಂದೋ ಬ್ರೇಕ್ ಹೋಸ್ ಜಗ್ಗತದ, ಒಂದೋ ಆಕ್ಸಲ್‌ನ ಒಳಗಿನ ಜಾಯಿಂಟ್ ಕಳಚ್ತದ.

ಸ್ಪ್ರಿಂಗ್ ಕಂಪ್ರೆಸರ್ ಹಾಕೋದು ಎದುರಾ ಬದರಾ, ಎರಡೂ ಕಡೆ ಸ್ವಲ್ಪ ಸ್ವಲ್ಪ ಸರದಿ ಮ್ಯಾಲ ಬಿಗೀರಿ. ಮೌಂಟ್ ಕೈಲೆ ಅಲುಗಾಡಿದ ಮ್ಯಾಲಷ್ಟ ನಡುವಿನ ನಟ್ ಬಿಚ್ಚರಿ. ಮುಂದ ನಿಂದ್ರಬ್ಯಾಡ್ರಿ, ಬಾಜು ನಿಂದ್ರರಿ. ಇಲ್ಲೆ ಗನ್ (ನಟ್ ಬಿಚ್ಚೋ ಮಷೀನ್) ಹೊಡಿಬ್ಯಾಡ್ರಿ, ರಾಡ್ ಗರಗರ ತಿರಗಿ ಒಳಗಿನ ಸೀಲ್ ಹಾಳು. ಪಕ್ಕಡಲೆ ರಾಡ್ ಹಿಡದ್ರಂತೂ ಕ್ರೋಮ್ ಮ್ಯಾಲ ಗೀರು ಬಿದ್ದು ಹೊಸಾ ಶಾಕ್ ತಿಂಗಳದಾಗ ಸೋರ್ತದ.

ಹೊಸ ಸ್ಪ್ರಿಂಗ್ ಕೂಡಸೋವಾಗ ತುದಿ ಸೀಟಿನ ಮೆಟ್ಟಲಕ್ಕ ಬಂದು ತಾಗಿರಬೇಕು. ಬ್ರ್ಯಾಂಡ್ ಅಕ್ಷರ ಸೀದಾ ಓದಾಕ ಬಂದ್ರ ಬಹುತೇಕ ಮ್ಯಾಲ ಕೆಳಗ ಸರಿ ಇರ್ತದ. ಬೇರಿಂಗ್ ಕೈಲೆ ತಿರಗಿಸಿ ನೋಡ್ರಿ, ಕರಕರ ಅಂದ್ರ ಹಾಕಬ್ಯಾಡ್ರಿ.

ಈಗ ಯಾರೂ ಮಾಡದ ಒಂದು ಕೆಲಸ. ಒಂದು ಬಾಜು ಸ್ಟ್ರಟ್ ಸ್ಪ್ರಿಂಗ್ ಇಲ್ಲದ, ಸ್ಟಾಪರ್ ಹಾಕಿ ಜೋಡಸ್ರಿ. ಚಕ್ರ ಹಚ್ಚಿ, ಲೋವರ್ ಆರ್ಮ್ ಕೆಳಗ ಜಾಕಿ ಇಟ್ಟು ಮೆಲ್ಲಕ ಮ್ಯಾಲ ಎತ್ರಿ. ಸ್ಟಾಪರ್ ಒತ್ತೋ ತನಕ ಟೈರ್ ಲೈನರ್‌ಗೆ ತಾಗತದೇನು, ಆಕ್ಸಲ್ ಎಲ್ಲಿಯಾದ್ರೂ ಹತ್ತತದೇನು, ಸ್ಟೀರಿಂಗ್ ಪೂರ್ತಿ ತಿರಗಿಸಿ ಎರಡೂ ಕಡೆ ನೋಡ್ರಿ. ಅರ್ಧ ತಾಸಿನ ಕೆಲಸ. ರೋಡಿನ ಮ್ಯಾಲ ಗೊತ್ತಾಗೋದಕ್ಕಿಂತ ಇಲ್ಲೆ ಗೊತ್ತಾಗೋದು ಛಲೋ.

ಹಿಂದಿಂದು ಹಗುರ. ಬೀಮ್ (ಹಿಂದಿನ ಎರಡೂ ಚಕ್ರ ಜೋಡಸೋ ಅಡ್ಡತೊಲಿ) ಕೆಳಗ ಜಾಕಿ ಕೊಟ್ಟು ಎರಡೂ ಶಾಕ್‌ನ ಕೆಳಗಿನ ಬೋಲ್ಟ್ ತಗದು, ಬೀಮ್ ಮೆಲ್ಲಕ ಇಳಸಿದ್ರ ಸ್ಪ್ರಿಂಗ್ ಕೈಗೆ ಬರ್ತದ. ಬ್ರೇಕ್ ಪೈಪ್, ಹ್ಯಾಂಡ್‌ಬ್ರೇಕ್ ಕೇಬಲ್ ಜಗ್ಗದಂಗ ಕಣ್ಣಿಡ್ರಿ. ರಬ್ಬರ್ ಸೀಟ್ ಇಲ್ಲದ ಕೂಡಸಬ್ಯಾಡ್ರಿ, ಕಿರ್ರ್ ಅನ್ನೋದು ನಿಲ್ಲೂದಿಲ್ಲ.

ಕಡೀಕ ಭಾಳ ಮುಖ್ಯದ್ದು. ಲೋವರ್ ಆರ್ಮ್ ಬುಷ್ ಬೋಲ್ಟ್, ಹಿಂದಿನ ಬೀಮ್ ಬುಷ್ ಬೋಲ್ಟ್, ಹಿಂದಿನ ಶಾಕ್ ಕೆಳಗಿನ ಬೋಲ್ಟ್ ಇವನ್ನ ಸಡ್ಲ ಮಾಡಿ, ಗಾಡಿ ತನ್ನ ಕಾಲ ಮ್ಯಾಲ ನಿಂತಾಗ ಬಿಗಿ ಮಾಡ್ರಿ. ಆರ್ಮ್ 350 ಮಿ.ಮೀ. ಉದ್ದ ಅಂತ ಹಿಡದ್ರ 30 ಇಳಸಿದಾಗ ಸುಮಾರು 5 ಡಿಗ್ರಿ ತಿರಗ್ತದ. ಹಳೇ ಬಿಗಿಯೊಳಗ ಬಿಟ್ರ ಬುಷ್‌ನ ರಬ್ಬರ್ ದಿನಾ 24 ತಾಸು 5 ಡಿಗ್ರಿ ತಿರುಚಿಕೊಂಡ ಇರ್ತದ. ಹಳ್ಳಕ್ಕ ಬಿದ್ದಾಗ ಇನ್ನಷ್ಟು. ಬ್ಯಾಗ ಹರೀತದ, ಆಮ್ಯಾಲ ಸ್ಪ್ರಿಂಗಿಗೆ ಬೈಯೋದು. ಚಕ್ರದ ನಟ್ 108 ನ್ಯೂಟನ್ ಮೀಟರ್, ಬಿಗಿ ಅಳಿಯೋ ಟಾರ್ಕ್ ಪಾನಾಲೆ. ಉಳದ ಬೋಲ್ಟ್‌ಗಳ ಟಾರ್ಕ್ ಸರ್ವಿಸ್ ಮ್ಯಾನ್ಯುಯಲ್‌ದಾಗ ನೋಡ್ಕೊಂಡ ಮಾಡ್ರಿ, ಅಂದಾಜು ಬ್ಯಾಡ.

ಅರ್ಧ ದಿನ ಅಂದಾರಲ್ಲ, ಇಷ್ಟೆಲ್ಲಾ ಮಾಡಿದ್ರ ಪೂರ್ತಿ ದಿನ ಬೇಕು. ಅರ್ಧ ದಿನದಾಗ ಮುಗಸಿದ್ರ ಏನ ಬಿಟ್ಟಾರ ಅಂತ ಕೇಳ್ರಿ.

---

ಘಾಟಿ_ಗೇರು

ಐದು ಜನ ಅಂದಿರಲ್ಲ, ಹಂಪ್ ಲೆಕ್ಕ ಯಾರೂ ಹೇಳಲಿಲ್ಲ.

ಸಿಟಿಯ ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಗಾಡಿಯ ಹೊಟ್ಟೆಗೂ ನಡುವಿನ ಜಾಗ) 165 ಮಿ.ಮೀ., ಖಾಲಿ ಗಾಡಿಗೆ. ವೀಲ್‌ಬೇಸ್ (ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ) 2600. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 99 ಹೇಳುವ ದುಂಡು ಹಂಪ್ 3.7 ಮೀಟರ್ ಅಗಲ, 100 ಮಿ.ಮೀ. ಎತ್ತರ, 17 ಮೀಟರ್ ತ್ರಿಜ್ಯ. ಅದರ ಮೇಲೆ ಮುಂದಿನ ಹಿಂದಿನ ಚಕ್ರ ಎರಡೂ ಇದ್ದಾಗ ನಡುವಿನ ಉಬ್ಬು ನಿಮ್ಮ ಹೊಟ್ಟೆಯಿಂದ ಕೇಳುವುದು 50 ಮಿ.ಮೀ. ಮಾತ್ರ. 30 ಇಳಿಸಿದ ಸಿಟಿ ತುಂಬಿದ ಭಾರದಲ್ಲೂ ನಿಧಾನವಾಗಿ ದಾಟುತ್ತದೆ.

ತೊಂದರೆ ಊರಿನವರು ರಾತ್ರೋರಾತ್ರಿ ಹಾಕಿದ ಹಂಪ್‌ಗಳದ್ದು. ಎರಡು ಅಡಿ ಅಗಲ, 120 ಮಿ.ಮೀ. ಎತ್ತರದ್ದು ಪೂರ್ತಿಯಾಗಿ ಎರಡು ಚಕ್ರಗಳ ನಡುವೆ ಬಂದುಬಿಡುತ್ತದೆ. ಕೇಳುವುದು 50 ಅಲ್ಲ, 120 ಪೂರ್ತಿ. ಇಳಿಸಿದ ಮೇಲೆ ಖಾಲಿ ಗಾಡಿಗೇ ಉಳಿದಿರುವುದು 135. ಹಿಂದಿನ ಆಕ್ಸಲ್ ಮೇಲೆ ಜನ, ಸಾಮಾನು ಸೇರಿ 150 ಕೆ.ಜಿ. ಹೆಚ್ಚು ಬಿದ್ದರೆ, ಎರಡೂ ಸ್ಪ್ರಿಂಗ್ ಸೇರಿ ಮಿ.ಮೀ.ಗೆ 52 ನ್ಯೂಟನ್ ಇದ್ದರೂ ಹಿಂಬದಿ 28 ಮಿ.ಮೀ. ಕುಸಿಯುತ್ತದೆ, ನಡುಭಾಗ ಅದರ ಅರ್ಧದಷ್ಟು. 135ರಲ್ಲಿ 14 ಹೋಯಿತು, ಉಳಿದದ್ದು 121. ಮುಂದಿನ ಚಕ್ರ ಹಂಪ್ ಇಳಿದು ಸ್ವಲ್ಪ ಕುಗ್ಗಿದರೆ ಮುಗಿಯಿತು. ಅದಕ್ಕೇ ನನ್ನ ಮಾತು 25. ಹಿಂದೆ ಇನ್ನೂ ಕಡಿಮೆ, 20 ಇಳಿಸುವ ಸೆಟ್ ಸಿಕ್ಕರೆ ಅದು. ಕಣ್ಣಿಗೆ ಐದು ಮಿ.ಮೀ. ವ್ಯತ್ಯಾಸ ಕಾಣುವುದಿಲ್ಲ, ಹಂಪ್‌ಗೆ ಕಾಣುತ್ತದೆ.

ಟೈರ್ ಬದಲಿಸುವ ಯೋಚನೆ ಇದ್ದರೆ 195/50 ಆರ್16ಕ್ಕೆ ಹೋಗಬೇಡಿ, ವ್ಯಾಸ 8.5 ಮಿ.ಮೀ. ಕಡಿಮೆ, ಇನ್ನೂ 4 ಮಿ.ಮೀ. ಕೆಳಗೆ ಕೂರುತ್ತೀರಿ. 185/55 ಹಾಗೇ ಇರಲಿ. 195/55 ಹಾಕಿದರೆ 5 ಮಿ.ಮೀ. ಎತ್ತರ ಸಿಗುತ್ತದೆ, ಆದರೆ ಫೆಂಡರ್ ಒಳಗೆ ಜಾಗ ಕಡಿಮೆಯಾದ ಕಾರಿಗೆ ದೊಡ್ಡ ಟೈರ್ ಹಾಕಿದ ಹಾಗಾಯಿತು. ಪಾನಾ ಸಾಹೇಬರು ಹೇಳಿದ ಜಾಕಿ ಪರೀಕ್ಷೆ ಅದೇ ಟೈರ್ ಹಾಕಿಯೇ ಮಾಡಬೇಕು.

---

ಟೋ_ಕ್ಯಾಂಬರ್

ಅಲೈನ್‌ಮೆಂಟ್ (ಚಕ್ರಗಳ ಕೋನ ಹೊಂದಿಸುವುದು) ಬಗ್ಗೆ ನಾಲ್ಕು ಮಾತು.

ಇಳಿಸಿದ ಕಾರಿನ ಟೈರ್ ಒಳಬದಿ ಸವೆದರೆ ಎಲ್ಲರೂ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲಿಕೆ) ಮೇಲೆ ಹಾಕುತ್ತಾರೆ. ಟೈರ್ ತಿನ್ನುವುದರಲ್ಲಿ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವುದು) ದೊಡ್ಡ ಕಳ್ಳ. 25–30 ಮಿ.ಮೀ. ಇಳಿತಕ್ಕೆ ಮುಂದಿನ ಕ್ಯಾಂಬರ್ ಸಾಮಾನ್ಯವಾಗಿ ಅರ್ಧ ಡಿಗ್ರಿಯೊಳಗೆ ಮೈನಸ್ ಕಡೆ (ಚಕ್ರದ ತಲೆ ಒಳಕ್ಕೆ) ಹೋಗುತ್ತದೆ, ಅಷ್ಟಕ್ಕೆ ಟೈರ್ ಸಾಯುವುದಿಲ್ಲ. ಆದರೆ ಲೋವರ್ ಆರ್ಮ್ ಮತ್ತು ಸ್ಟೀರಿಂಗ್‌ನ ಟೈ ರಾಡ್ ಬೇರೆ ಬೇರೆ ಚಾಪದಲ್ಲಿ ಚಲಿಸುವುದರಿಂದ ಟೋ ಖಂಡಿತ ಬದಲಾಗಿರುತ್ತದೆ. ಹಾಗೇ ಓಡಿಸಿದರೆ ಕೆಲವೇ ಸಾವಿರ ಕಿ.ಮೀ.ನಲ್ಲಿ ಅಂಚು ಗರಗಸದಂತಾಗುತ್ತದೆ.

ಎಡ ಬಲ ಕ್ಯಾಂಬರ್ ನಡುವೆ ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮಾತ್ರ ಕ್ಯಾಂಬರ್ ಬೋಲ್ಟ್ ಹಾಕಿ. ನಕಲ್‌ನ ಎರಡು ಬೋಲ್ಟ್‌ಗಳಲ್ಲಿ ಒಂದರ ಬದಲು ಹಾಕುವ, ನಡು ಸಣ್ಣದಾದ ಬೋಲ್ಟ್ ಅದು. ಹೇಳಿದ ಟಾರ್ಕ್ ಕೊಡದಿದ್ದರೆ ಮೊದಲ ದೊಡ್ಡ ಹಳ್ಳಕ್ಕೇ ಸರಿಯುತ್ತದೆ. ಸುಮ್ಮನೆ ಫ್ಯಾಷನ್‌ಗೆ ಹಾಕಬೇಡಿ. ಹಿಂದಿನದು ಟಾರ್ಷನ್ ಬೀಮ್, ಅಲ್ಲಿ ಹೊಂದಿಸಲು ಏನೂ ಇಲ್ಲ. ಅಂಕಿ ತಪ್ಪಿದ್ದರೆ ಬೀಮ್ ಬಾಗಿದೆ ಅಥವಾ ಬುಷ್ ಹೋಗಿದೆ ಅಂತ ಅರ್ಥ. ಹಿಂದಿನದನ್ನೂ ಅಳೆದು ಪ್ರಿಂಟ್ ಕೊಡಿ ಅಂತ ಕೇಳಿ, ಕೆಲವರು ಮುಂದಿನದಷ್ಟೇ ಮಾಡಿ ಕಳಿಸುತ್ತಾರೆ.

ಫಿಟ್ಟಿಂಗ್ ದಿನ ಒಮ್ಮೆ, ಸ್ಪ್ರಿಂಗ್ ಕೂತ ಮೇಲೆ 500ರಿಂದ 1000 ಕಿ.ಮೀ. ಒಳಗೆ ಇನ್ನೊಮ್ಮೆ ಅಲೈನ್‌ಮೆಂಟ್. ಮೊದಲ ದಿನವೇ ಎತ್ತರ ಅಳೆದು ಗಾಬರಿಯಾಗಬೇಡಿ, ಹೊಸ ಸ್ಪ್ರಿಂಗ್ ಇನ್ನೂ ಕೆಲವು ಮಿ.ಮೀ. ಕೂರುವುದು ಸಹಜ. ಮುಂದೆ ಹಿಂದೆ ಸಮನಾಗಿ ಇಳಿಯದಿದ್ದರೆ ಹೆಡ್‌ಲೈಟ್ ಕೂಡ ನೋಡಿಸಿ: ಮೂತಿ 10 ಮಿ.ಮೀ. ಹೆಚ್ಚು ಇಳಿದರೆ ಬೆಳಕು 10 ಮೀಟರ್ ದೂರದಲ್ಲಿ ಸುಮಾರು 38 ಮಿ.ಮೀ. ಕೆಳಗೆ ಬೀಳುತ್ತದೆ. ಇದನ್ನು ಓದುವ ಬೇರೆ ಕಾರಿನವರಿಗೆ ಒಂದು ಮಾತು, ಇಎಸ್‌ಸಿ (ಕಾರು ಜಾರದಂತೆ ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಇದ್ದರೆ ಅಲೈನ್‌ಮೆಂಟ್ ನಂತರ ಸ್ಟೀರಿಂಗ್ ಆಂಗಲ್ ಸೆನ್ಸರ್‌ನ ಸೊನ್ನೆಯನ್ನೂ ಸ್ಕ್ಯಾನರ್‌ನಲ್ಲಿ ಪರಿಶೀಲಿಸಿಕೊಳ್ಳಿ.

ವಾಲುವುದು ಕಡಿಮೆಯಾಗಲಿ ಅನ್ನುವುದೇ ಮುಖ್ಯ ಉದ್ದೇಶವಾದರೆ ಇನ್ನೊಂದು ವಿಷಯ ತಿಳಿದಿರಲಿ. ಮ್ಯಾಕ್‌ಫರ್ಸನ್ ಸ್ಟ್ರಟ್‌ನಲ್ಲಿ (ಸಿಟಿಯ ಮುಂಭಾಗದ್ದು ಇದೇ) ಕಾರು ಇಳಿದಷ್ಟೂ ಲೋವರ್ ಆರ್ಮ್‌ನ ಹೊರತುದಿ ಮೇಲೆದ್ದು, ರೋಲ್ ಸೆಂಟರ್ (ವಾಲುವಾಗ ಬಾಡಿ ತಿರುಗುವ ಬಿಂದು) ಕಾರಿನ ಗುರುತ್ವ ಕೇಂದ್ರಕ್ಕಿಂತ ವೇಗವಾಗಿ ಕೆಳಗೆ ಹೋಗುತ್ತದೆ. ಎರಡರ ನಡುವಿನ ಅಂತರವೇ ಬಾಡಿಯನ್ನು ವಾಲಿಸುವ ಸನ್ನೆ, ಅದು ಉದ್ದವಾಗುತ್ತದೆ. ಸ್ಪ್ರಿಂಗ್ ಗಟ್ಟಿಯಾದ ಲಾಭದಲ್ಲಿ ಒಂದು ಪಾಲು ಇದಕ್ಕೇ ಹೋಗುತ್ತದೆ. ಹೊಸ ಶಾಕ್ ಮತ್ತು ಹೊಸ ಲಿಂಕ್ ರಾಡ್‌ನಿಂದ ಸಿಗುವ ಹಿಡಿತ 15 ಮಿ.ಮೀ. ಹೆಚ್ಚು ಇಳಿಸಿ ಸಿಗುವುದಿಲ್ಲ.

---

ಕೆಎ13_ಕಾಯ್ದೆ

ಕಾನೂನಿನ ಬಗ್ಗೆ ಚಿಕ್ಕದಾಗಿ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಮೂಲತಃ ಹೇಳಿದ್ದಕ್ಕಿಂತ ಬೇರೆಯಾಗುವಂತೆ ವಾಹನ ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ(4) ಪ್ರಕಾರ ಅನುಮತಿ ಇಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗೆ ಸಜೆ, ಅಥವಾ ಒಂದೊಂದು ಮಾರ್ಪಾಡಿಗೆ 5000 ರೂಪಾಯಿ ದಂಡ, ಅಥವಾ ಎರಡೂ. ಸ್ಪ್ರಿಂಗ್ ಗಡಸು ಆರ್‌ಸಿಯಲ್ಲಿ ಬರೆದಿರುವುದಿಲ್ಲ ಅನ್ನುವ ವಾದದ ಮೇಲೆ ನಿಲ್ಲಬೇಡಿ. ಕೆಲಸಕ್ಕೆ ಮುಂಚೆ ಆರ್‌ಟಿಒದಲ್ಲಿ ವಿಚಾರಿಸಿ, ವಿಮೆಯವರಿಗೂ ಬರವಣಿಗೆಯಲ್ಲಿ ತಿಳಿಸಿ ಉತ್ತರ ಇಟ್ಟುಕೊಳ್ಳಿ. ಕ್ಲೇಮ್ ಹೊತ್ತಿಗೆ ಸರ್ವೇಯರ್ ಮೊದಲು ನೋಡುವುದು ಕಂಪನಿಯದಲ್ಲದ ಬಣ್ಣದ ಸ್ಪ್ರಿಂಗನ್ನೇ. ಕಳಚಿದ ಕಂಪನಿ ಸ್ಪ್ರಿಂಗ್‌ಗಳನ್ನು ಮಾರಬೇಡಿ.

---

ಹಾಸನ_ಸಿಟಿ

ಎಲ್ಲರಿಗೂ ಧನ್ಯವಾದ. ಮುಂದೆ 25, ಹಿಂದೆ 20ರ ಸೆಟ್ ಹುಡುಕುತ್ತೇನೆ, ಜೊತೆಗೆ ಶಾಕ್ ನಾಲ್ಕೂ. ಆರ್‌ಟಿಒ ಮತ್ತು ವಿಮೆಯ ಉತ್ತರ ಬಂದ ಮೇಲೆಯೇ ಆರ್ಡರ್. ಕೊನೆಯ ಪ್ರಶ್ನೆ: ಫಿಟ್ಟಿಂಗ್ ಆಗಿ ಗಾಡಿ ಹೊರಗೆ ತೆಗೆದಾಗ ಸದ್ದು ಬಂದರೆ ಯಾವ ಸದ್ದು ಯಾವುದರದ್ದು ಅಂತ ಹೇಗೆ ಗುರುತಿಸುವುದು? ಗ್ಯಾರೇಜಿನವರು "ಹೊಸದು, ಸೆಟ್ ಆಗುತ್ತೆ" ಅಂದರೆ ನಂಬಬೇಕಾ?

---

ಪಾನಾ_ಹುಬ್ಬಳ್ಳಿ

ಎತ್ತರ ಸೆಟ್ ಆಗ್ತದ್ರಿ, ಸದ್ದು ಆಗೂದಿಲ್ಲ.

ಗಾಡಿ ನಿಂತಲ್ಲೆ ಸ್ಟೀರಿಂಗ್ ತಿರಗಿಸಿದಾಗ ಟಂಗ್ ಅಂದ್ರ ಸ್ಪ್ರಿಂಗ್ ತುದಿ ಸೀಟಿನ್ಯಾಗ ಕುಂತಿಲ್ಲ, ಇಲ್ಲಾ ಮೌಂಟ್ ಬೇರಿಂಗ್ ಹಿಡಕೊಂಡೇತಿ. ಒಬ್ಬರು ಸ್ಪ್ರಿಂಗ್ ಮ್ಯಾಲ ಕೈ ಇಟ್ಟು ಇನ್ನೊಬ್ಬರು ತಿರಗಿಸಿದ್ರ ಜಿಗಿಯೋದು ಕೈಗೆ ಹತ್ತತದ. ಸಣ್ಣ ಸಣ್ಣ ಉಬ್ಬಿನ ಮ್ಯಾಲ ಮೆಲ್ಲಕ ಹೋಗುವಾಗ ಟಕಟಕ ಅಂದ್ರ ಲಿಂಕ್ ರಾಡ್ ನಟ್ ಸಡ್ಲ. ಒಂದೇ ಚಕ್ರ ಉಬ್ಬು ಹತ್ತಿದಾಗ ಜಾಸ್ತಿ, ಎರಡೂ ಒಟ್ಟಿಗೆ ಹತ್ತಿದಾಗ ಕಡಿಮಿ ಆದ್ರ ಖಾತ್ರಿ ಅದ. ಎರಡೂ ಕಡೆ ಒಂದ ಥರಾ ಕೇಳಿದ್ರ ಸ್ಟ್ರಟ್ ನಡುವಿನ ನಟ್ ನೋಡ್ರಿ, ಗನ್ ಬ್ಯಾಡ ಅಂತ ಅರ್ಧಕ್ಕ ಬಿಟ್ಟಿರ್ತಾರ. ಹಿಂದ ಕಿರ್ರ್ ಅಂದ್ರ ರಬ್ಬರ್ ಸೀಟ್. ದೊಡ್ಡ ಹಳ್ಳದಾಗ ಒಂದ ಸಲ ದಡ್ ಅಂದ್ರ ಸ್ಟಾಪರ್. ಅಪರೂಪಕ್ಕ ಆದ್ರ ಇರ್ಲಿ, ದಿನಾ ಆದ್ರ ಜಾಗ ಸಾಲವಲ್ದು, ಇಲ್ಲಾ ಸ್ಟಾಪರ್ ಹಾಕೇ ಇಲ್ಲ. ಡಸ್ಟ್ ಕವರ್ ಎತ್ತಿ ಕಣ್ಣಲೆ ನೋಡ್ರಿ.

ಬ್ರೇಕ್ ಹಿಡದಾಗ ಕೆಳಗ ಒಂದ ಸಲ ಧಕ್ ಅಂದು, ಬಿಟ್ಟಾಗ ಮತ್ತ ಅಂದ್ರ ಗಾಡಿ ಓಡಸಬ್ಯಾಡ್ರಿ. ಲೋವರ್ ಆರ್ಮ್ ಬೋಲ್ಟ್ ಬಿಗಿ ಮಾಡೋದು ಮರತಾರ ಅಂತ ತಿಳೀರಿ, ಅಲ್ಲೆ ನಿಲ್ಲಿಸಿ ಫೋನ್ ಹಚ್ಚರಿ. 100 ಕಿ.ಮೀ. ಆದ ಮ್ಯಾಲ ಸದ್ದು ಇರ್ಲಿ ಬಿಡ್ಲಿ, ಬಿಚ್ಚಿದ ಬೋಲ್ಟ್ ಅಷ್ಟಕ್ಕೂ ಟಾರ್ಕ್ ಪಾನಾ ಮತ್ತೊಮ್ಮೆ ಹಾಕಸ್ರಿ.